ಇಂದ್ರಾಬಾಯಿಯ ಮೂರು ವಿಷಯಗಳು

ಟಪ್ ಎಂದು ಹಿತ್ತಾಳೆಯ ಪುಟ್ಟ ಕದವೊಂದು ಕೆಳಗೆ ಬಿತ್ತು. ಇನ್ನೂರು ಕದಗಳಿದ್ದ ಆ ಟೆಲಿಫೋನ್ ಬೋರ್ಡಿನಲ್ಲಿ ಬಿದ್ದದ್ದು ಯಾವುದೆಂದು ಇಂದ್ರಾಬಾಯಿ ಹುಡುಕಬೇಕಾಗಿರಲಿಲ್ಲ. ಸದ್ದು ಎಲ್ಲಿಂದ ಬಂತೋ ಅಲ್ಲಿಗೆ ಅವಳ ಕೈ ಹೋಗಿ, ತಂತಿಯ ತುದಿಯನ್ನು ತೂತಿಗೆ ಸಿಕ್ಕಿಸಿ ಆಗಿರುತ್ತಿತ್ತು.

“ನಂಬರ್ ಹೇಳ್ರಿ.”

“ಬಾಯಾರ, ನಮ್ಮ ಹತ್ತಿ ಅಡತಿ ಅಂಗಡಿಗೆ ಕೊಡ್ರಿ.”

“ನಂಬರ್?”

“ನಿಮಗ ಗೊತ್ತೈತಲ್ರಿ ಅದು!”

“ನನಗ ಗೊತ್ತೈತಿ. ನಾಳಿ ನಾ ಇಲ್ಲದಾಗ ಯಾರನ್ನ ಕೇಳ್ತೀರಿ?”

“ನೀವೆಲ್ಲಿ ಹೊಂಟೀರಿ?”

“ಕಾಲೇಜಿಗೆ,” ಎಂದು ಅವಳು ಸಾಲು ಜೋಡಿಸಿಬಿಟ್ಟಳು. ಆ ಕಡೆಯವನು ನಕ್ಕದ್ದು ತಂತಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಅವನಿಗೆ ಅದು ತಮಾಷೆಯಾಗಿ ಕೇಳಿಸಿತ್ತು.

ತಮಾಷೆಯಾಗಿರಲಿಲ್ಲ. ಅದು 1987ರ ಜೂನ್ ತಿಂಗಳ ಕೊನೆಯ ಬುಧವಾರ. ಇಂದ್ರಾಬಾಯಿಗೆ ಇಪ್ಪತ್ತೆಂಟು ವರ್ಷ. ಕುರ್ಚಿಗೆ ತೂಗುಹಾಕಿದ ಅವಳ ಚೀಲದಲ್ಲಿ ಬಾಗಲಕೋಟೆಯ ಮುಂಜಾನೆ ಕಾಲೇಜಿನ ಅರ್ಜಿಯೊಂದು ಎರಡಾಗಿ ಮಡಚಿಕೊಂಡು ಕೂತಿತ್ತು. ಅದರಲ್ಲಿ ಹೆಸರು, ಊರು, ಹುಟ್ಟಿದ ದಿನ ಎಲ್ಲ ತುಂಬಿಯಾಗಿತ್ತು. ಖಾಲಿ ಉಳಿದಿದ್ದವು ಮೂರು ಗೆರೆಗಳು ಮಾತ್ರ: ಮೊದಲನೇ ಸೆಮಿಸ್ಟರಿಗೆ ಆರಿಸಿಕೊಂಡ ಮೂರು ವಿಷಯಗಳು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಆ ಗೆರೆಗಳು ತುಂಬಿರಬೇಕು.

ಏನು ಬರೆಯಬೇಕೆಂಬುದು ಅವಳಿಗೆ ಗೊತ್ತಿತ್ತು. ಭಾಷಾಶಾಸ್ತ್ರ, ಕಂಪ್ಯೂಟರ್, ಗಣಿತ. ಹೀಗೆ ಬರೆಯಲು ಕಾಲೇಜಿನಲ್ಲಿ ದಾರಿಯೇ ಇರಲಿಲ್ಲ, ಅಷ್ಟೇ ತೊಡಕು.

ಅಂದು ಬೆಳಿಗ್ಗೆ ಕಾಲೇಜಿನ ಗುಮಾಸ್ತ ಮಲೀಕಸಾಬ ಕಿಟಕಿಯ ಸರಳುಗಳ ಹಿಂದಿನಿಂದ ಇದನ್ನು ಅವಳಿಗೆ ಬಿಡಿಸಿ ಹೇಳಿದ್ದ. ಇಪ್ಪತ್ತು ವರ್ಷ ಅದೇ ಕಿಟಕಿಯಲ್ಲಿ ಕೂತು, ಊರಿನ ಅರ್ಧದಷ್ಟು ವಕೀಲರನ್ನೂ ಮಾಸ್ತರರನ್ನೂ ತನ್ನ ಕೈಯಿಂದಲೇ ಒಳಗೆ ಬಿಟ್ಟಿದ್ದ ಮನುಷ್ಯ ಅವನು.

“ಭಾಷಾಶಾಸ್ತ್ರ ಆರ್ಟ್ಸಿನಾಗ ಬರ್ತೈತ್ರಿ ಬಾಯಾರ. ಕಂಪ್ಯೂಟರ್ ಸೈನ್ಸಿನಾಗ. ಎರಡಕ್ಕೂ ಮಂಗಳವಾರ, ಗುರುವಾರ, ಶನಿವಾರ, ಎಂಟೂವರಿಗೇ ಪಾಠದ ತಾಸು. ಇರೂದು ಒಂದ ಜೀವ. ಹೆಂಗ ಕೂಡ್ತೀರಿ?”

“ತಾಸು ಸರಿಸಿದ್ರ?”

“ಬೆಟ್ಟಾ ಸರಿಸ್ರಿ, ಸರೀತೈತಿ. ಟೈಮ್‌ಟೇಬಲ್ ಸರಿಯೂದಿಲ್ಲ.”

“ಪ್ರಿನ್ಸಿಪಾಲರು ಏನಂತಾರ?”

“ಅವರು ಭಾಳ ಒಳ್ಳೇರು. ಇಬ್ಬರೂ ಮಾಸ್ತರು ಒಪ್ಪಿ ಬರದು ಕೊಟ್ರ ನನ್ನ ತಕರಾರಿಲ್ಲ ಅಂತಾರ.” ಮಲೀಕಸಾಬ ದನಿ ತಗ್ಗಿಸಿದ. “ಮಾಸ್ತರು ಒಪ್ಪೂದಿಲ್ಲಂತ ಅವರಿಗೆ ಗೊತ್ತೈತಿ. ಅದಕ್ಕ ಹಂಗ ಅಂತಾರ.”

ಇಂದ್ರಾಬಾಯಿ ಹೂಂ ಎಂದು ವೇಳಾಪತ್ರಿಕೆಯ ಒಂದು ಪ್ರತಿ ಕೇಳಿ ಇಸಕೊಂಡಿದ್ದಳು.

ಅವಳು ಇಳಕಲ್ಲಿನವಳು. ತಂದೆ ಅಲ್ಲಿ ಸೀರೆಯಂಗಡಿಯೊಂದರಲ್ಲಿ ಗುಮಾಸ್ತ. ಪಿಯುಸಿಯ ವಿಜ್ಞಾನದಲ್ಲಿ ಗಣಿತಕ್ಕೆ ತೊಂಬತ್ತೊಂದು ಅಂಕ ಬಂದ ತಿಂಗಳಲ್ಲೇ ಟೆಲಿಫೋನ್ ಆಪರೇಟರ್ ಕೆಲಸದ ಪತ್ರವೂ ಬಂದಿತ್ತು. ಆ ಮನೆಯಲ್ಲಿ ಸರಕಾರಿ ಕೆಲಸಕ್ಕೆ ಹೋಗಲೋ ಬೇಡವೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ; ಅವ್ವ ಹೊಸ ಸೀರೆ ಉಡಿಸಿದಳು, ಅಪ್ಪ ಬಸ್ಸು ಹತ್ತಿಸಿದ. ಮೊದಲು ಒಂದು ಸಣ್ಣ ಊರು, ಆಮೇಲೆ ಹುನಗುಂದ, ಮದುವೆಯಾದ ಮೇಲೆ ಬಾಗಲಕೋಟೆ. ಒಂಬತ್ತು ವರ್ಷ ಅವಳು ಕೇಳುತ್ತಲೇ ಬಂದಿದ್ದಳು.

ಕೇಳುತ್ತ ಕೇಳುತ್ತ ಅವಳ ಕಿವಿಯೊಳಗೆ ಒಂದು ನಕಾಶೆ ಬೆಳೆದಿತ್ತು. ಇಳಕಲ್ಲಿನವರು ಮಾತಿನ ತುದಿಯನ್ನು ಸ್ವಲ್ಪ ಎಳೆದು ಬಿಡುತ್ತಾರೆ, ಸೆರಗನ್ನು ಭುಜದ ಮೇಲೆ ಎಳೆದುಕೊಂಡ ಹಾಗೆ. ಬದಾಮಿಯ ಕಡೆಯವರು ಕೇಳಲಿ ಬಿಡಲಿ, ಪ್ರತಿ ಮಾತನ್ನೂ ಪ್ರಶ್ನೆಯ ಹಾಗೆ ಮೇಲೆತ್ತುತ್ತಾರೆ. ಹುನಗುಂದದವರು ನಡುವೆ ಒಂದು ಗಳಿಗೆ ನಿಂತು, ಎದುರಿನವನು ಅಲ್ಲಿದ್ದಾನೆಯೇ ಎಂದು ನೋಡಿಕೊಂಡು ಮುಂದೆ ಹೋಗುತ್ತಾರೆ. ಊರಿನ ಹೆಸರು ಹೇಳುವ ಮೊದಲೇ ಅವಳಿಗೆ ಊರು ತಿಳಿಯುತ್ತಿತ್ತು. ಹೇಗೆ ತಿಳಿಯಿತು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅದನ್ನು ಹೇಳಲು ಬರುವಂಥ ಓದು ಒಂದಿದೆ, ಅದರ ಹೆಸರು ಭಾಷಾಶಾಸ್ತ್ರ ಎಂದು ಅವಳಿಗೆ ತಿಳಿದದ್ದು ಕಾಲೇಜಿನ ಜಾಹೀರಾತು ಸುತ್ತಿಕೊಂಡು ಬಂದ ಶೇಂಗಾ ಪೊಟ್ಟಣದಿಂದ.

ಇನ್ನೊಂದು ಓದಿನ ಸುದ್ದಿ ಆಫೀಸಿನಲ್ಲೇ ಇತ್ತು. ಇಬ್ಬರು ಎಂಜಿನಿಯರುಗಳು ಬಂದು ಹಿಂದಿನ ಕೋಣೆಯನ್ನು ಅಳೆದು ಹೋಗಿದ್ದರು. ಇನ್ನು ಎರಡು ಮೂರು ವರ್ಷಕ್ಕೆ ತಾನೇ ಸಾಲು ಜೋಡಿಸುವ ಯಂತ್ರ ಬರುತ್ತದಂತೆ. ಜೊತೆಯ ಆಪರೇಟರುಗಳು ತಮ್ಮನ್ನು ಎಲ್ಲಿ ಒಗೆಯುತ್ತಾರೋ ಎಂದು ಮಾತಾಡಿಕೊಂಡರು. ಇಂದ್ರಾಬಾಯಿ ಮಾತ್ರ ಎಂಜಿನಿಯರನನ್ನು ಒಂದೇ ಮಾತು ಕೇಳಿದಳು: “ಅದು ಕೇಳಿದ್ದು ಅದಕ್ಕ ಹೆಂಗ ತಿಳೀತೈತ್ರಿ?” ಅವನು ಅಳತೆಯ ಪಟ್ಟಿ ಸುತ್ತುತ್ತ, ಅದಕ್ಕೆ ಕಂಪ್ಯೂಟರ್ ಓದಬೇಕು ತಾಯಿ, ಎಂದು ನಕ್ಕು ಹೋದ. ಅವಳು ಆ ಮಾತನ್ನು ನಕ್ಕು ಬಿಡಲಿಲ್ಲ.

ಗುರುವಾರ ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಗಂಡ ಹೊಳಬಸಪ್ಪ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು, ಬಿಸಿ ರೊಟ್ಟಿ ತಾಟಿಗೆ ಬೀಳುವುದನ್ನು ಕಾಯುತ್ತ, ಅರ್ಜಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ನೋಡಿದ. ಅವನು ಪೇಟೆಯ ಪ್ರಾಥಮಿಕ ಶಾಲೆಯ ಮಾಸ್ತರ. ಯಾವ ಕಾಗದ ಕೈಗೆ ಬಂದರೂ ತಪ್ಪು ಹುಡುಕುವುದು ಅವನ ಕೈಯ ರೂಢಿ.

“ಇತಿಹಾಸ ತಗೋ,” ಎಂದ. “ಐಹೊಳಿ, ಪಟ್ಟದಕಲ್ಲು, ಬದಾಮಿ ಎಲ್ಲಾ ಮನಿ ಮುಂದ ಅದಾವ. ಒಂದ ಬಸ್ಸಿನಾಗ ಹೋಗಿ ಬಂದ್ರ ಅರ್ಧಾ ಪೇಪರ್ ಮುಗೀತು.”

“ನೀವು ಹೋಗಿ ಬಂದೀರಲ್ಲ, ನೀವ ಪರೀಕ್ಷಾ ಬರೀರಿ.”

“ನಾ ಬರದ್ರ ಪಾಸಾಗಿಬಿಡ್ತೇನಿ. ಅದಕ್ಕ ಬರಿಯೂದಿಲ್ಲ.” ರೊಟ್ಟಿ ಮುರಿದುಕೊಂಡ. “ಖರೆ ಹೇಳು. ಮಾತಿನ ಓದು ಬೇಕಂದ್ರ ಅದೊಂದು ತಿಳೀತು. ಕಂಪ್ಯೂಟರ್ ಬೇಕಂದ್ರ ಅದೂ ತಿಳೀತು. ಎರಡೂ ಕೂಡೇ ಯಾಕ? ಇದಕ್ಕೂ ಅದಕ್ಕೂ ಏನ್ ಸಂಬಂಧ?”

“ಹೋಳಿಗಿ ಉಂಡ ದಿನ ಕಟ್ಟಿನ ಸಾರು ಯಾಕ ಸುರೀತೀರಿ? ಒಂದು ಸಿಹಿ, ಒಂದು ಖಾರ.”

“ಅದು ಬ್ಯಾರೆ. ಅವೆರಡೂ ಒಂದ ಬ್ಯಾಳಿ ಕುದಿಸಿ ತಗದದ್ದು.”

“ಇವೂ ಒಂದ ಬ್ಯಾಳೀನ. ಹೆಂಗ ಅಂತ ಓದಿದ ಮ್ಯಾಲ ಹೇಳ್ತೇನಿ.”

ಹೊಳಬಸಪ್ಪ ಸ್ವಲ್ಪ ಹೊತ್ತು ಅಗಿದ. “ನೀ ಮುಂಜಾನಿ ಏಳಕ್ಕ ಹೋದ್ರ ಈ ಬಿಸಿ ರೊಟ್ಟಿ?”

“ಹಿಂದಿನ ದಿನಾನ ಬಡದಿಡ್ತೇನಿ. ಕಟಕ ರೊಟ್ಟಿ ತಿಂದ್ರ ಹಲ್ಲು ಗಟ್ಟಿ ಆಗ್ತಾವ.”

“ಮಾಸ್ತರಿಗೆ ಹಲ್ಲು ಬೇಕ ಬಿಡು,” ಎಂದು ಅವನು ಅರ್ಜಿಯನ್ನು ಹಿಟ್ಟು ತಾಗದ ಹಾಗೆ ಮೇಲೆ ಗೂಡಿನಲ್ಲಿ ಇಟ್ಟ. ಆ ಮನೆಯಲ್ಲಿ ಒಪ್ಪಿಗೆ ಎಂದರೆ ಅದೇ.

ಎರಡೂ ಯಾಕೆ ಬೇಕು ಎಂಬುದಕ್ಕೆ ಅವಳ ಬಳಿ ಇನ್ನೊಂದು ಉತ್ತರವಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಆ ಉತ್ತರ ಹಿಂದೆ ಅವಳು ಮಾಡಿದ ಒಂದು ತಪ್ಪಿನಲ್ಲಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಆ ಸಣ್ಣ ಊರಿನಲ್ಲಿ, ಹುಚ್ಚವ್ವ ಎಂಬ ಹೆಣ್ಣುಮಗಳು ಟ್ರಂಕ್ ಕಾಲ್ ಮಾಡಲು ಬಂದಿದ್ದಳು. ಗಂಡ ಗೋವೆಯ ಮಡಗಾಂವದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದ. ಮಾವನನ್ನು ದವಾಖಾನೆಗೆ ಸೇರಿಸಿದ್ದರು. ಹೊರಟು ಬಾ ಎಂದು ಗಂಡನಿಗೆ ತಿಳಿಸಬೇಕಿತ್ತು. ಗುತ್ತಿಗೆದಾರನ ಆಫೀಸಿಗೆ ಫೋನು ಮಾಡಿ ಇಂಥವನನ್ನೇ ಕರೆಯಿರಿ ಎನ್ನುವ ಕರೆ ಅದು. ಕರೆಯಬೇಕಾದವನ ಹೆಸರು ಚೀಟಿಯಲ್ಲಿ ಬರೆಯಲೇಬೇಕು.

“ಹೆಸರೇನವ್ವ?”

“ನಮ್ಮ ಮನಿಯವರ್ರಿ.”

“ಮನಿಯವರ ಹೆಸರು?”

ಹುಚ್ಚವ್ವ ಸೆರಗು ಬಾಯಿಗೆ ಹಿಡಿದಳು. ಗಂಡನ ಹೆಸರನ್ನು ಆ ಸೀಮೆಯ ಹೆಂಗಸು ಬಾಯಿಬಿಟ್ಟು ಹೇಳುವುದು ಮದುವೆಯ ಮನೆಯಲ್ಲಿ, ನಾಲ್ಕು ಜನ ಕಾಡಿದಾಗ, ಒಡಪಿನ ಪದ್ಯ ಕಟ್ಟಿ, ಅದರ ನಡುವೆ ಅವನ ಹೆಸರನ್ನು ಹೂವಿನ ಹಾಗೆ ಸಿಕ್ಕಿಸಿ. ಹಾಗಲ್ಲದೆ ಬರಿದೇ ಹೇಳುವುದುಂಟೇ? ಹಿಂದೆ ಸಾಲು ಬೆಳೆದಿತ್ತು. ಇಪ್ಪತ್ತೊಂದು ವರ್ಷದ ಇಂದ್ರಾಬಾಯಿಗೆ ನಿಯಮ ಗೊತ್ತಿತ್ತು, ಅವಸರವಿತ್ತು. “ಒಂದ ಹೆಸರು ಹೇಳು, ಇಲ್ಲಂದ್ರ ಬದಿಗೆ ಸರಿ,” ಎಂದಳು. ಆಗ ಹುಚ್ಚವ್ವ ತಾನು ಹೇಳಬಹುದಾದ ಹೆಸರೊಂದನ್ನು ಹೇಳಿದಳು: “ಕನಕಪ್ಪ.” ಅದು ಅವಳ ಎರಡು ವರ್ಷದ ಮಗನ ಹೆಸರು. ಓಣಿಯಲ್ಲಿ ಎಲ್ಲರೂ ಗಂಡನನ್ನು ಕರೆಯುತ್ತಿದ್ದದ್ದು ಕನಕಪ್ಪನ ಅಪ್ಪ ಎಂದೇ. ಮಗನ ಹೆಸರು ಹೇಳಿದರೆ ಅಪ್ಪ ಬರುತ್ತಾನೆ ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ.

ಮಡಗಾಂವದಲ್ಲಿ ಕನಕಪ್ಪ ಎಂಬ ಗೌಂಡಿ ಇರಲಿಲ್ಲ. ಕರೆ ರದ್ದಾಯಿತು. ಹುಚ್ಚವ್ವ ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಹೋದಳು. ಗಂಡ ಬಂದದ್ದು ನಾಲ್ಕು ದಿನ ತಡವಾಗಿ, ಕಾಗದ ಮುಟ್ಟಿದ ಮೇಲೆ. ಮುದುಕ ಬದುಕಿಕೊಂಡ. ಆದರೆ ಆ ನಾಲ್ಕು ದಿನವೂ ಮಗನನ್ನು ಕೇಳುತ್ತ, ಬಾಗಿಲಿಗೆ ಮುಖ ಮಾಡಿಯೇ ಮಲಗಿದ್ದನಂತೆ. ಮುಂದೆ ಸಂತೆಯಲ್ಲಿ ಸಿಕ್ಕಾಗ ಹುಚ್ಚವ್ವ ಬೈಯಲಿಲ್ಲ. “ನೀವು ಕೇಳಿದ್ರಿ, ನಾ ಹೇಳಿದೆ. ನಿಮಗ ತಿಳೀಲಿಲ್ಲ,” ಎಂದಳು, ಅಷ್ಟೇ.

ಆ ಮಾತು ಇಂದ್ರಾಬಾಯಿಯೊಳಗೆ ಏಳು ವರ್ಷದಿಂದ ಕೂತಿತ್ತು. ಮನುಷ್ಯಳಾದ ತನಗೇ ತಿಳಿಯಲಿಲ್ಲ. ಯಂತ್ರಕ್ಕೆ ಹೆಂಗಸರ ಈ ದಾರಿಯನ್ನು ಯಾರು ಕಲಿಸುತ್ತಾರೆ? ಕಲಿಸಬೇಕಾದವರಿಗೆ ಎರಡೂ ಕಡೆಯ ಮಾತು ಬರಬೇಕು. ಒಂದು ಕಡೆ ಬಂದರೆ ಸಾಲದು.

ಆ ಗುರುವಾರವೇ ಒಂಬತ್ತೂವರೆಗೆ ಅವಳು ಕಂಪ್ಯೂಟರ್ ಕಲಿಸುವ ರಾಚಪ್ಪನವರನ್ನು ಕಾಣಲು ಹೋದಳು. ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೆ ಒಂದು ಕೋಣೆ, ಒಂದು ಫ್ಯಾನು, ಹೂವಿನ ಅಂಚಿನ ಒಂದು ಮುಸುಕು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅವಳೂ ಚಪ್ಪಲಿ ಬಿಟ್ಟಳು.

“ದರ್ಗಾದಾಗ ಸುದ್ದಾ ಇಷ್ಟು ಭಕ್ತೀಲೆ ಬಿಡೂದಿಲ್ಲ ನೋಡ್ರಿ,” ಎಂದು ಮಲೀಕಸಾಬ ಫೈಲು ಹಿಡಿದು ಹಾದುಹೋದ.

ರಾಚಪ್ಪ ಕನ್ನಡಕ ಒರೆಸಿಕೊಳ್ಳುತ್ತ ಎಲ್ಲ ಕೇಳಿದರು. ಗಣಿತದ ಅಂಕ ನೋಡಿ ಹುಬ್ಬೇರಿಸಿದರು. “ನೀವು ಬಂದ್ರ ನನಗ ಸಂತೋಷ. ಆದ್ರ ತಾಸು ಸರಸಾಕ ನನ್ನ ಕಡೆ ಆಗೂದಿಲ್ಲ. ಹತ್ತಕ್ಕ ಕರೆಂಟ್ ಹೋಗ್ತೈತಿ, ಎಂಟೂವರಿಕ್ಕಿಂತ ಮೊದಲು ಈ ಕೋಣಿಯೊಳಗ ಬ್ಯಾರೆ ವರ್ಗ. ಸರಸಂಗಿದ್ರ ಭಾಷಾಶಾಸ್ತ್ರದ ಈರಪ್ಪ ಸರ್ ಸರಸಬೇಕು.”

“ಅವರು ಸರಿಸಿದ್ರ ನೀವು ಬರದು ಕೊಡ್ತೀರಿ?”

“ಈಗ ಬರೀತೇನಿ,” ಎಂದು ಅಲ್ಲೇ ಎರಡು ಸಾಲು ಬರೆದು ಸಹಿ ಹಾಕಿದರು. ಈರಪ್ಪ ಸರಿಸುತ್ತಾರೆಂಬ ನಂಬಿಕೆ ಅವರಿಗೂ ಇದ್ದಂತೆ ಕಾಣಲಿಲ್ಲ. ಆದರೆ ಸಹಿ ಸಹಿಯೇ.

ಮಧ್ಯಾಹ್ನ ಬೋರ್ಡಿನ ಮುಂದೆ, ಎರಡು ಕದಗಳು ಬೀಳುವ ನಡುವಿನ ಬಿಡುವಿನಲ್ಲಿ, ಅವಳು ವೇಳಾಪತ್ರಿಕೆಯನ್ನು ಹರಡಿಕೊಂಡಳು. ಇದು ಅವಳಿಗೆ ಹೊಸ ಕೆಲಸವಲ್ಲ. ಹುಬ್ಬಳ್ಳಿಗೆ ಎರಡೇ ಸಾಲು, ಮಾತಾಡುವವರು ಹನ್ನೆರಡು ಜನ. ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂದು ಮೊದಲು ಬೇರ್ಪಡಿಸಬೇಕು. ಕಾಯಲಾರದವರನ್ನು ಮುಟ್ಟಬಾರದು. ಕಾಯಬಲ್ಲವರ ನಡುವೆ ಸಂದು ಹುಡುಕಬೇಕು. ಕಂಪ್ಯೂಟರ್ ಕಾಯಲಾರದು. ಗಣಿತ ಸೋಮವಾರ, ಬುಧವಾರ, ಶುಕ್ರವಾರ, ಅದರ ತಂಟೆಯಿಲ್ಲ. ಭಾಷಾಶಾಸ್ತ್ರಕ್ಕೆ ಅವಳಲ್ಲದೆ ಹೆಸರು ಕೊಟ್ಟವಳು ಒಬ್ಬಳೇ, ಗುಳೇದಗುಡ್ಡದ ಸುಂದರವ್ವ. ಅವಳಿರುವುದು ಕಾಲೇಜಿನ ಹಿತ್ತಲಿಗೇ ಹತ್ತಿದ ಹಾಸ್ಟೆಲಿನಲ್ಲಿ. ಬೆಳಿಗ್ಗೆಯೇ ಕೇಳಿದ್ದಕ್ಕೆ ಅವಳು, “ಅಕ್ಕಾ, ನಾಲ್ಕಕ್ಕ ಇಟ್ರೂ ಬರ್ತೇನಿ, ನಾಷ್ಟಾ ಆದ ಮ್ಯಾಲ ಇರ್ಲಿ ಅಷ್ಟ,” ಎಂದಿದ್ದಳು. ನಾಲ್ಕನೇ ನಂಬರಿನ ಕೋಣೆ ಏಳೂವರೆಯಿಂದ ಎಂಟೂವರೆಯವರೆಗೆ ಖಾಲಿ. ಈರಪ್ಪ ಸರ್ ಬದಾಮಿಯಿಂದ ಬರುವುದು ರೈಲಿನಲ್ಲಿ. ಅದು ಏಳೂ ಹತ್ತಕ್ಕೆ ಬಾಗಲಕೋಟೆ ಮುಟ್ಟುತ್ತದೆ. ಸ್ಟೇಶನ್ನಿನ ಕರೆಗಳನ್ನು ಜೋಡಿಸುವವಳಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ.

ಹಾಗಾದರೆ ಏಳೂ ಹತ್ತಕ್ಕೆ ಊರಿಗೆ ಬಂದ ಮನುಷ್ಯನ ತಾಸು ಎಂಟೂವರೆಗೆ ಯಾಕಿದೆ? ಅವಳು ಕಾಲೇಜಿನ ನಂಬರಿಗೆ ಸಾಲು ಸೇರಿಸಿ ಮಲೀಕಸಾಬನನ್ನೇ ಕೇಳಿದಳು.

“ಚಹಾದಂಗಡಿ ಬಾಯಾರ. ಸ್ಟೇಶನ್ನಿನಿಂದ ಬರೂ ದಾರಿಯೊಳಗ ಒಂದೈತಲ್ಲ, ಬೇವಿನ ಗಿಡದ ಕೆಳಗ, ಅಲ್ಲಿ ತಾಸಗಟ್ಲೆ ಕೂತು ಏನೋ ಬರಕೋತಾರ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಪ್ರಿನ್ಸಿಪಾಲರ ಮುಟ್ಟಿ ಸೋತಾರ.”

ಶುಕ್ರವಾರ ಏಳೂ ಹತ್ತಕ್ಕೆ ಇಂದ್ರಾಬಾಯಿ ಪ್ಲಾಟ್‌ಫಾರ್ಮಿನಲ್ಲಿದ್ದಳು.

ಈರಪ್ಪ ಸರ್ ಎತ್ತರದ, ತೆಳ್ಳನೆಯ, ಐವತ್ತರ ಆಸುಪಾಸಿನ ಮನುಷ್ಯ. ಬಿಳಿ ಜುಬ್ಬಾ, ಹಣೆಗೆ ವಿಭೂತಿ, ಬಗಲಲ್ಲಿ ಬರೆದುಕೊಳ್ಳುವ ಉದ್ದನೆಯ ವಹಿ. ಅವಳು ನಮಸ್ಕಾರ ಮಾಡಿ ಹೆಸರು ಹೇಳಿದಾಗ ಅವರು ನಡಿಗೆ ನಿಲ್ಲಿಸಲಿಲ್ಲ.

“ಇಳಕಲ್ಲಿನವರು. ಹುನಗುಂದದಾಗೂ ಇದ್ದೀರಿ,” ಎಂದರು.

“ಹೌದ್ರಿ. ನೀವು ಬದಾಮಿಯಿಂದ ಬರ್ತೀರಿ, ಆದ್ರ ಹುಟ್ಟಿದ್ದು ಅಲ್ಲಲ್ಲ. ಹೊಳಿ ದಂಡಿಯ ಹಳ್ಳಿ. ಮರೋಳದ ಕಡೆ.”

ಈಗ ಅವರು ನಿಂತರು. ತಿರುಗಿ ಅವಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. “ಮರೋಳಕ್ಕ ಎರಡ ಹರದಾರಿ,” ಎಂದು ಒಪ್ಪಿಕೊಂಡು, “ಬರ್ರಿ, ನಡಕೋತ ಹೇಳ್ರಿ,” ಎಂದರು.

ಅವಳು ಹೇಳಿದಳು. ತಾಸನ್ನು ಏಳೂವರೆಗೆ ತನ್ನಿ ಎಂಬಲ್ಲಿಗೆ ಬರುವ ಹೊತ್ತಿಗೆ ಬೇವಿನ ಗಿಡ ಬಂದಿತ್ತು. ಅಂಗಡಿಯ ಬೆಂಚುಗಳ ಮೇಲೆ ಹಮಾಲರು, ಟಾಂಗಾದವರು, ಹತ್ತಿಯ ದಲಾಲಿಗಳು ಬಸಿಯಲ್ಲಿ ಚಹಾ ಸುರಿದುಕೊಂಡು ಒಬ್ಬರ ಮಾತಿನ ಮೇಲೆ ಒಬ್ಬರು ಮಾತು ಹೇರುತ್ತಿದ್ದರು. ಈರಪ್ಪ ಒಳಗೆ ಕಾಲಿಟ್ಟು, ಅವಳು ಗಿಡದ ಕೆಳಗೇ ನಿಂತದ್ದನ್ನು ಕಂಡು ಹೊಸ್ತಿಲಿಗೆ ಮರಳಿದರು.

“ನೋಡ್ರಿ ಇಂದ್ರಾಬಾಯಾರ. ಎರಡ ದೋಣಿಯೊಳಗ ಕಾಲಿಟ್ಟವರು ಹೊಳಿ ದಾಟೂದಿಲ್ಲ. ಅದು ಒಂದು. ಇನ್ನೊಂದು, ಈ ಒಂದು ತಾಸು ನನ್ನ ಖರೆ ಕೆಲಸ. ಹನ್ನೊಂದು ವರ್ಷ ಆತು, ದಿನಾ ಇಲ್ಲಿ ಕೂತು ಮಂದಿ ಹೆಂಗ ಮಾತಾಡ್ತಾರ ಬರಕೋತೇನಿ. ಯಾವ ಪುಸ್ತಕದಾಗೂ ಇದು ಸಿಗೂದಿಲ್ಲ. ಇದನ್ನ ಬಿಟ್ಟು ಇಬ್ಬರಿಗೆ ಪಾಠ ಹೇಳಾಕ ಓಡಲೇನು?”

“ವಹಿಯೊಳಗ ಹೆಂಗಸರ ಮಾತು ಎಷ್ಟದಾವ್ರಿ ಸರ್?”

ಈರಪ್ಪ ಬಗಲಿನ ವಹಿಯನ್ನು ಕೈಗೆ ತೆಗೆದು ನೋಡಿದರು.

“ಈ ಅಂಗಡಿಗೆ ಹೆಂಗಸರು ಬರೂದಿಲ್ಲ,” ಎಂದಳು ಇಂದ್ರಾಬಾಯಿ. “ನಾನೂ ಗಿಡದ ಕೆಳಗ ನಿಂತೇನಿ. ಹನ್ನೊಂದು ವರ್ಷ ನೀವು ಅರ್ಧಾ ಊರಿನ ಮಾತು ಬರಕೊಂಡೀರಿ. ಉಳಿದರ್ಧ ನನ್ನ ಕಿವಿಯೊಳಗೈತಿ.”

ಆಮೇಲೆ ಅವಳು ಹುಚ್ಚವ್ವನ ಕತೆ ಹೇಳಿದಳು. ತನ್ನ ತಪ್ಪನ್ನು ಎಲ್ಲಿಯೂ ಸಣ್ಣದು ಮಾಡಲಿಲ್ಲ. ಒಬ್ಬಳು ಮಗನ ಹೆಸರು ಹೇಳುತ್ತಾಳೆ, ಇನ್ನೊಬ್ಬಳು ಅವನು ಮಾಡುವ ಕೆಲಸ, ಮತ್ತೊಬ್ಬಳು ಅವನು ಭಕ್ತಿಯಿಂದ ನಡೆದುಕೊಳ್ಳುವ ದೇವರ ವಾರ. ಹೊಸದಾಗಿ ಮದುವೆಯಾದವಳು ಏನೂ ಹೇಳದೆ ಪಕ್ಕದವಳ ಮೊಣಕೈ ತಿವಿಯುತ್ತಾಳೆ. ಇದರಲ್ಲಿ ಒಂದು ಪದ್ಧತಿಯಿದೆ, ತನಗೆ ಅದು ಅರ್ಧ ಕಾಣುತ್ತದೆ ಎಂದಳು. ಅಂಗಡಿಯವನು ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟು ಎರಡು ಸಲ ಕರೆದ. ಈರಪ್ಪ ಹೊರಗೆ ಬಂದು ಗಿಡದ ನೆರಳಲ್ಲಿ ನಿಂತುಬಿಟ್ಟಿದ್ದರು.

“ನಾ ಹಳ್ಳಿ ಹಳ್ಳಿ ತಿರಗೇನಿ ಇದನ್ನ ಕೇಳಾಕ,” ಎಂದರು ಮೆಲ್ಲಗೆ. “ನನ್ನ ಮುಂದ ಒಬ್ಬಾಕಿನೂ ಬಾಯಿ ಬಿಡಲಿಲ್ಲ. ಗಂಡಸು, ಪರಸ್ಥಳದಾಂವ, ಕೈಯಾಗ ವಹಿ.” ಆಮೇಲೆ ಮಾಸ್ತರರ ದನಿಗೆ ಮರಳಿದರು. “ಆದ್ರ ನೀವು ಕಲತವರು. ದಿನಾ ನೂರು ಮಂದಿ ಹೆಸರು ಕೇಳವರು. ನಿಮಗ ಇದು ಹೊರಗಿನ ಸಂಗತಿ. ಒಳಗಿನವರಿಗೆ ಹೆಂಗ ಅನಸ್ತೈತಿ ಅನ್ನೂದು ನಿಮಗ ಗೊತ್ತಾಗೂದಿಲ್ಲ. ಅದಿರಲಿ, ನಿಮ್ಮ ಮನಿಯವರು ಒಪ್ಯಾರೇನು? ಅವರ ಹೆಸರೇನು?”

ಇಂದ್ರಾಬಾಯಿ ಬಾಯಿ ತೆರೆದಳು.

ಹೆಸರು ನಾಲಗೆಯ ತುದಿಯವರೆಗೆ ಬಂದು ನಿಂತಿತು. ಐದು ವರ್ಷದ ಸಂಸಾರದಲ್ಲಿ ಎಷ್ಟೋ ಕಾಗದಗಳಲ್ಲಿ ಅದನ್ನು ಬರೆದಿದ್ದಳು. ಬಾಯಿಂದ ಒಮ್ಮೆಯೂ ಹೇಳಿರಲಿಲ್ಲ. ಹೇಳಿಲ್ಲವೆಂಬುದು ಆ ಗಳಿಗೆಯವರೆಗೆ ತಿಳಿದೂ ಇರಲಿಲ್ಲ. ನಂಬರ್ ಹೇಳ್ರಿ, ಹೆಸರು ಹೇಳ್ರಿ ಎಂದು ಒಂಬತ್ತು ವರ್ಷ ಊರನ್ನೆಲ್ಲ ಕೇಳಿದವಳ ಕಿವಿ ಬಿಸಿಯಾಯಿತು. ಬೆಂಚಿನ ಮೇಲಿದ್ದ ಟಾಂಗಾದವನೊಬ್ಬ ಇತ್ತ ನೋಡಿದ.

“ವಹಿ ಕೊಡ್ರಿ,” ಎಂದಳು. “ಬರದು ಕೊಡ್ತೇನಿ.”

“ಯಾಕ, ಬಾಯಿಲೆ ಬರೂದಿಲ್ಲಾ?”

“ಬರೂದಿಲ್ರಿ.” ಅವಳಿಗೆ ನಗು ಬಂತು, ನಗುತ್ತಲೇ ದನಿ ಗಟ್ಟಿಯಾಯಿತು. “ಯಾಕ ಬರೂದಿಲ್ಲ ಅನ್ನೂದನ್ನ ಓದಾಕನ ಬರ್ತೇನಿ ಅಂತೇನಿ. ಒಳಗಿನವರು ಬೇಕಂದ್ರಿ. ನಾ ಒಳಗಿನಾಕಿ. ಹುಚ್ಚವ್ವ ಸೆರಗು ಬಾಯಿಗೆ ಹಿಡದಳು, ನಾ ಪೆನ್ನು ಹಿಡದೇನಿ. ಇನ್ನೇನು ಫರಕ ಐತ್ರಿ?”

ಈರಪ್ಪ ವಹಿ ಕೊಟ್ಟರು. ಅವಳು ಬರೆದಳು. ಅವರು ಆ ಹೆಸರನ್ನು ಓದಿ, ಅದರ ಕೆಳಗೆ ದಿನಾಂಕ ಹಾಕಿ, ಹೊಸ ಪುಟ ತಿರುವಿದರು. ಹೊಸ ಪುಟದಲ್ಲಿ ಅವರು ಬರೆದದ್ದು ಪ್ರಾಚಾರ್ಯರಿಗೆ ಮೂರು ಸಾಲು: ಭಾಷಾಶಾಸ್ತ್ರದ ತಾಸನ್ನು ಏಳೂವರೆಗೆ, ನಾಲ್ಕನೇ ಕೋಣೆಗೆ ಬದಲಾಯಿಸಲು ತನ್ನ ಒಪ್ಪಿಗೆಯಿದೆ ಎಂದು. ಅಂಗಡಿಯವನು ಆರಿದ ಚಹಾವನ್ನು ಚೆಲ್ಲಿ, ಬೇರೆಯದನ್ನು ಗಿಡದ ಕೆಳಗೇ ತಂದುಕೊಟ್ಟ. ಕೇಳದಿದ್ದರೂ ಎರಡು ಕಪ್ಪು.

“ಮುಂದಿನ ವಾರದಿಂದ ಹೆಂಗ?” ಎಂದರು ಈರಪ್ಪ.

“ನಾಳಿ ಶನಿವಾರ ಐತ್ರಿ. ನಾಳಿಯಿಂದಾನ.”

ಅಂದು ಹನ್ನೊಂದಕ್ಕೆ ಪ್ರಾಚಾರ್ಯರು ಎರಡು ಒಪ್ಪಿಗೆಗಳನ್ನು ಎರಡೆರಡು ಸಲ ಓದಿದರು. ಈರಪ್ಪನ ಸಹಿಯನ್ನು ಬೆಳಕಿಗೆ ಹಿಡಿದೂ ನೋಡಿದರು. ತಕರಾರಿಲ್ಲ ಎಂದು ತಾವೇ ಆಡಿದ ಮಾತಾದ್ದರಿಂದ ಪೆನ್ನಿನ ಟೊಪ್ಪಿಗೆ ತೆಗೆಯಲೇಬೇಕಾಯಿತು.

ಶನಿವಾರ ಏಳೂ ಇಪ್ಪತ್ತಕ್ಕೆ ಇಂದ್ರಾಬಾಯಿ ಅರ್ಜಿಯನ್ನು ಕಿಟಕಿಯೊಳಗೆ ಸರಿಸಿದಳು. ಮೂರು ಗೆರೆಗಳೂ ತುಂಬಿದ್ದವು. ಅಕ್ಷರಗಳು ದುಂಡಗಿದ್ದವು, ಎಲ್ಲಿಯೂ ಹೊಡೆದು ತಿದ್ದಿರಲಿಲ್ಲ. ಮಲೀಕಸಾಬ ಅವುಗಳನ್ನು ಜೋರಾಗಿ ಓದಿದ. ಪ್ರಾಚಾರ್ಯರ ಸಹಿ ಕಂಡು, “ಯಾ ಅಲ್ಲಾ,” ಎಂದ. ಠಸ್ಸೆ ಒತ್ತಿದ. ಆಮೇಲೆ ಎರಡು ದಪ್ಪ ರಜಿಸ್ಟರುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಪೆನ್ನನ್ನು ಎತ್ತಿ ಹಿಡಿದು, ಹಾಗೇ ಕೂತ.

“ಯಾಕ್ರಿ?”

“ಇದು ಆರ್ಟ್ಸಿಂದು, ಇದು ಸೈನ್ಸಿಂದು. ಇಪ್ಪತ್ತು ವರ್ಷದಾಗ ಮೂರನೇದ್ದು ಬೇಕಾಗಿದ್ದಿಲ್ಲ. ನಿಮ್ಮ ಹೆಸರ ಯಾವದರಾಗ ಹಾಕಲಿ?”

ಸ್ಟೇಶನ್ನಿನಿಂದ ನೆಟ್ಟಗೆ ಬಂದಿದ್ದ ಈರಪ್ಪ ಸರ್ ಬಾಗಿಲಲ್ಲಿ ನಿಂತು, “ಅದನ್ನೇನು ಕೇಳ್ತೀರಿ, ಆರ್ಟ್ಸ್,” ಎಂದರು.

ಕೀಲಿಕೈ ಇಸಕೊಳ್ಳಲು ಬಂದ ರಾಚಪ್ಪ ಕನ್ನಡಕ ಏರಿಸಿದರು. “ಗಣಿತಾ ತಗೊಂಡಾರ, ಕಂಪ್ಯೂಟರ್ ತಗೊಂಡಾರ. ಮೂರರಾಗ ಎರಡು ನಮ್ಮವು. ಸೈನ್ಸ್ ಬರೀರಿ.”

“ಎಣಿಕಿ ಮ್ಯಾಲ ಹೊಂಟ್ರ ಆತೇನ್ರಿ? ತಾಸು ಸರಸಿದಾಂವ ನಾನು.”

“ಸರಸಾಕ ಬರ್ತಿದ್ದದ್ದ ನಿಮ್ಮೊಬ್ಬರಿಗೆ, ಅದಕ್ಕ ಸರಸೀರಿ.”

“ಸಾಹೇಬ್ರ, ಇಬ್ಬರೂ ಸಹಿ ಮಾಡೀರಿ,” ಎಂದ ಮಲೀಕಸಾಬ. “ಹಾಜರಿ ಎರಡರಾಗೂ ಹಾಕಿದ್ರ ಒಬ್ಬ ಬಾಯಾರು ಇಬ್ಬರಾಗ್ತಾರ. ಪರೀಕ್ಷಾ ಮಂದಿ ನನ್ನ ಕೇಳ್ತಾರ, ಇನ್ನೊಬ್ಬಾಕಿ ಎಲ್ಲಿ ಅಂತ. ಬಾಯಾರ, ನೀವ ಹೇಳಿಬಿಡ್ರಿ. ಯಾಕಂದ್ರ ಒಮ್ಮೆ ಶಾಯಿಲೆ ಬರದ್ರ ಮೂರು ವರ್ಷ...”

ಗೋಡೆಯ ಗಡಿಯಾರದಲ್ಲಿ ಏಳೂವರೆಗೆ ಒಂದು ನಿಮಿಷವಿತ್ತು. ಇಂದ್ರಾಬಾಯಿ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ವರಾಂಡದ ಆ ತುದಿಯಲ್ಲಿ ಸುಂದರವ್ವ ನಾಲ್ಕನೇ ಕೋಣೆಯ ಕದ ತೆರೆದು, ಬಾಯಲ್ಲಿನ್ನೂ ನಾಷ್ಟಾ ಅಗಿಯುತ್ತ, ಕೈ ಬೀಸಿ ಕರೆಯುತ್ತಿದ್ದಳು.

“ಬಾಯಾರ, ಮೂರು ವರ್ಷ ಅಳಿಸಾಕ ಬರೂದಿಲ್ಲ ಅಂತೇನಿ, ಯಾವದರಾಗ...”

ಅವಳು ಆಗಲೇ ವರಾಂಡದಲ್ಲಿದ್ದಳು.